ಜೊತೆಗೆ ನಿಂತ ಫಾದರಿಗೆ ನಮ್ಮ ವಂದನೆ

(ಅರಿಶಿನಕುಂಟೆಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ವಾರ್ಷಿಕ ಸಭೆಯಲ್ಲಿ, ಹಿಂದೆ ಈ ಭಾಗದಲ್ಲಿ ಸೇವೆ ಮಾಡಿದ ಗುರುಗಳೊಬ್ಬರ ಗುರುದೀಕ್ಷೆಯ ಸುವರ್ಣ ಮಹೋತ್ಸವದ ಸಲುವಾಗಿ ಸಂಘದ ಸದಸ್ಯೆಯೊಬ್ಬರು ಆಡಿದ ಮಾತು. ಆದಷ್ಟೂ ಅವರ ಮಾತಿನಲ್ಲೇ ಕೊಟ್ಟಿದ್ದೇವೆ.)



ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. "ಬರೆದುಕೊಂಡು ಬಾಮ್ಮ, ಇಲ್ಲದಿದ್ರೆ ನೀನು ಎಲ್ಲೆಲ್ಲಿಗೋ ಹೋಗ್ತೀಯ" ಅಂತ ಸಿಸ್ಟರ್ ಹೇಳಿದ್ರು. ಬರೆದುಕೊಂಡು ಬಂದಿದ್ದೇನೆ. ಆದರೂ ಎಲ್ಲೆಲ್ಲಿಗೋ ಹೋಗ್ತೀನಿ, ದಯವಿಟ್ಟು ಕ್ಷಮಿಸಬೇಕು. ಫಾದರ್ ಮುಂದಿನ ಸಾಲಿನಲ್ಲಿ ಕೂತು ಈಗಲೇ ಬೇಡ ಬೇಡ ಅಂತ ಕೈ ಆಡಿಸ್ತಿದ್ದಾರೆ. ಅವರಿಗೆ ಹೊಗಳಿಕೆ ಆಗೋದಿಲ್ಲ ಅಂತ ನಮಗೆಲ್ಲ ಗೊತ್ತು. ಅದಕ್ಕೇ ಹೊಗಳೋದಿಲ್ಲ ಫಾದರ್. ನಿಮ್ಮ ಮೇಲೆ ನಾನು ಮೂರು ಸಲ ಸಿಟ್ಟು ಮಾಡಿಕೊಂಡಿದ್ದೆ. ಆ ಮೂರು ಸಲದ ವಿಷಯ ಹೇಳ್ತೀನಿ.

ಮೊದಲು ಒಂದು ಮಾತು. ನಾನು ಕ್ರೈಸ್ತಳಲ್ಲ. ನಮ್ಮ ಮನೆಯಲ್ಲಿ ಮಾರಮ್ಮನ ಪೂಜೆ, ವರ್ಷಕ್ಕೊಮ್ಮೆ ಮುನೇಶ್ವರನಿಗೆ ಹರಕೆ. ನಮ್ಮ ಸಂಘದ ಹದಿನೈದು ಜನರಲ್ಲಿ ಚರ್ಚಿಗೆ ಹೋಗುವವರು ನಾಲ್ಕು ಜನ, ಸಾಬರ ಮನೆಯವರು ಇಬ್ಬರು, ಉಳಿದವರು ನಮ್ಮಂಥವರು. ಇಷ್ಟು ವರ್ಷದಲ್ಲಿ ಫಾದರ್ ಯಾರನ್ನೂ ನೀವು ಯಾವ ಜನ ಅಂತ ಕೇಳಿದ್ದು ನನಗೆ ನೆನಪಿಲ್ಲ. "ಈ ವಾರ ಯಾಕೆ ಬರಲಿಲ್ಲ" ಅಂತ ಕೇಳಿದ್ದು ಮಾತ್ರ ತುಂಬಾ ನೆನಪಿದೆ.

ಅವರು ಮೊದಲನೇ ಸಲ ನಮ್ಮ ಬೀದಿಗೆ ಬಂದಾಗ ಅರಿಶಿನಕುಂಟೆ ಹೀಗಿರಲಿಲ್ಲ. ತುಮಕೂರು ರಸ್ತೆ ಇತ್ತು, ಲಾರಿಗಳಿದ್ದವು, ಆದರೆ ರಸ್ತೆಯಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ರಾಗಿ ಹೊಲ, ಅವರೆ ಹೊಲ. ಈಗ ಗೋಡೌನು, ಲೇಔಟು, ಬಾಡಿಗೆ ಮನೆ. ಆಗ ನಮಗೆ ಕೈಸಾಲ ಅಂದರೆ ನೆಲಮಂಗಲದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಬಡ್ಡಿಯವನು ಒಬ್ಬನೇ ದಿಕ್ಕು. ಮಗುವಿಗೆ ಜ್ವರ ಬಂದರೂ ಅವನೇ, ಹಬ್ಬಕ್ಕೂ ಅವನೇ, ತಿಥಿಗೂ ಅವನೇ. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ. ಅದು ಹೆಚ್ಚೋ ಕಡಿಮೆಯೋ ಅಂತ ಕೂಡ ನಾವು ಯೋಚನೆ ಮಾಡಿರಲಿಲ್ಲ. ಬಿಸಿಲು ಮಳೆ ಇದ್ದಹಾಗೆ ಅದೂ ಒಂದು ಅಂತ ಇದ್ದೆವು.

ಫಾದರ್ ಒಂದು ಹಳೇ ಸ್ಕೂಟರಿನಲ್ಲಿ ಬಂದರು. ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿದೆವು. ಭಾಷಣ ಏನೂ ಮಾಡಲಿಲ್ಲ. ಹುಣಸೆಬೀಜ ಇದೆಯಾ ಅಂತ ಕೇಳಿದರು. ಯಾರ ಮನೆಯಲ್ಲಿ ಇರೋದಿಲ್ಲ ಹೇಳಿ? ಒಂದು ಮೊರ ತಂದು ಮುಂದೆ ಇಟ್ಟೆವು. "ಒಂದು ಬೀಜ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಸಾವಿರ ಸಾಲ ತಂದಿದ್ದೀರಿ" ಅಂತ ಹತ್ತು ಬೀಜ ಒಂದು ಕಡೆ ಇಟ್ಟರು. "ಈಗ ತಿಂಗಳಿಗೊಂದು ಬೀಜ ಬಡ್ಡಿಯವನ ಕಡೆ ಹಾಕ್ತಾ ಹೋಗಿ." ಹಾಕಿದೆವು. ಯುಗಾದಿಯಿಂದ ಯುಗಾದಿಗೆ ಬಂದಾಗ ಅವನ ಕಡೆ ಹನ್ನೆರಡು ಬೀಜ ಇತ್ತು. ಈ ಕಡೆ ಅಸಲಿನ ಹತ್ತು ಬೀಜ ಹಾಗೇ ಕೂತಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಆ ಹತ್ತು ಬೀಜವನ್ನೇ ನೋಡ್ತಾ, "ಇದಿನ್ನೂ ಕೊಡಬೇಕಾ?" ಅಂದರು. ಯಾರೂ ಮಾತಾಡಲಿಲ್ಲ. ಆ ಅಜ್ಜಿ ಒಂದು ಸಾವಿರಕ್ಕೆ ಆರು ವರ್ಷದಿಂದ ಬಡ್ಡಿ ಕಟ್ಟುತ್ತಿದ್ದರು. ಅಂದರೆ ಏಳು ಸಾವಿರದ ಇನ್ನೂರು ಕಟ್ಟಾಗಿತ್ತು, ಸಾವಿರ ಹಾಗೇ ಇತ್ತು.

ಸಂಘ ಶುರುವಾಗಿದ್ದು ಹಾಗೆ. ಹದಿನೈದು ಜನ, ವಾರಕ್ಕೆ ತಲಾ ಹತ್ತು ರೂಪಾಯಿ. ಮೊದಲ ಸಾಲ ಯಾರಿಗೆ ಕೊಟ್ಟೆವು ಅಂತ ಹೇಳಬೇಕಾಗಿಲ್ಲ, ಆ ಅಜ್ಜಿಯ ಹತ್ತು ಬೀಜ ತೀರಿಸಿದೆವು. ನಮ್ಮ ಸಂಘದ ಬಡ್ಡಿ ನೂರಕ್ಕೆ ಎರಡು ರೂಪಾಯಿ. ಅದೂ ನಮ್ಮ ಪೆಟ್ಟಿಗೆಗೇ ವಾಪಸ್ ಬರುತ್ತಿತ್ತು.

ನಾನು ನಾಲ್ಕನೇ ಕ್ಲಾಸು. ಅಷ್ಟು ಓದಿದವಳು ಗುಂಪಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಪುಸ್ತಕ ಬರೆಯೋ ಕೆಲಸ ನನ್ನ ತಲೆಗೆ ಬಂತು. ಫಾದರ್ ತಿಂಗಳಿಗೊಮ್ಮೆ ಬಂದು ಪುಸ್ತಕ ನೋಡೋರು. ತಪ್ಪಿದ್ದರೆ ತಿದ್ದುತ್ತಿರಲಿಲ್ಲ. "ಈ ಕೂಡಿಸಿದ್ದು ಸರೀನಾಮ್ಮ?" ಅಂತ ಕೇಳಿ ಸುಮ್ಮನೆ ಕೂತುಬಿಡೋರು. ನಾನು ಬೆರಳು ಮಡಚಿ ಮಡಚಿ ಮತ್ತೆ ಕೂಡಿಸಬೇಕು. ಅವರಿಗೆ ಒಂದು ನಿಮಿಷದ ಕೆಲಸ, ನನಗೆ ಅರ್ಧ ಗಂಟೆ. ಅಷ್ಟು ಹೊತ್ತೂ ಅವರು ಕಾಫಿ ಆರಿಸಿಕೊಂಡು ಕೂತಿರೋರು. ಇದು ಮೊದಲನೇ ಸಿಟ್ಟು. ಗೊತ್ತಿದ್ದವರು ಹೇಳಿಬಿಡಬಾರದಾ, ನನ್ನನ್ನು ಎಲ್ಲರೆದುರು ಯಾಕೆ ಹೀಗೆ ಕೂರಿಸ್ತಾರೆ ಅಂತ.

ಎರಡನೇ ಸಿಟ್ಟು ದೊಡ್ಡದು. ಅದನ್ನು ಹೇಳೋದು ಕಷ್ಟ. ಆದರೆ ಇವತ್ತು ಹೇಳ್ತೀನಿ ಅಂತ ಆ ಅಕ್ಕನನ್ನು ಕೇಳಿಯೇ ಬಂದಿದ್ದೇನೆ. ಅವರು ಇಲ್ಲೇ ಕೂತಿದ್ದಾರೆ. ಹೆಸರು ಬೇಡ ಅಂದರು, ಹೇಳೋದಿಲ್ಲ.

ಮೂರನೇ ವರ್ಷದಲ್ಲಿ ಒಂದು ದಿನ ಪೆಟ್ಟಿಗೆ ತೆಗೆದು ಎಣಿಸಿದಾಗ ಒಂಬೈನೂರು ರೂಪಾಯಿ ಕಡಿಮೆ ಬಂತು. ಪುಸ್ತಕದಲ್ಲಿ ಇರೋದು ಒಂದು, ಪೆಟ್ಟಿಗೆಯಲ್ಲಿ ಇರೋದು ಒಂದು. ಒಂಬೈನೂರು ಅಂದರೆ ಆಗ ನಮಗೆ ಆರು ವಾರ ಹದಿನೈದು ಜನ ಕೂಡಿಸಿದ ದುಡ್ಡು. ಪೆಟ್ಟಿಗೆ ಆ ತಿಂಗಳು ಆ ಅಕ್ಕನ ಮನೆಯಲ್ಲಿತ್ತು. ಅವರ ಯಜಮಾನರಿಗೆ ಕುಡಿಯೋ ಅಭ್ಯಾಸ. ಇಷ್ಟು ಸಾಕಲ್ಲ ನಮ್ಮ ಹೆಂಗಸರಿಗೆ! ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಲ್ಲಿ ಹತ್ತಿರ, ಡೈರಿ ಹತ್ತಿರ ಅದೇ ಮಾತು. ಮುಂದಿನ ಬುಧವಾರ ಅವರು ಸಭೆಗೆ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. "ನೋಡಿದ್ರಾ, ಕಳ್ಳ ಮನಸ್ಸು ಹುಳ್ಳುಳ್ಳಗೆ" ಅಂದವಳು ನಾನೇ.

ಎಂಟು ಜನ ಸೇರಿ ಫಾದರ್ ಹತ್ತಿರ ಹೋದೆವು. ನೀವು ಕರೆಸಿ ಕೇಳಿ, ನೀವು ಕೇಳಿದರೆ ಒಪ್ಪಿಕೊಳ್ತಾಳೆ ಅಂತ. ಫಾದರ್ ಎಲ್ಲಾ ಕೇಳಿಸಿಕೊಂಡರು. ಆಮೇಲೆ, "ನಾನು ಕೇಳೋದಿಲ್ಲಮ್ಮ. ಇವತ್ತು ನಾನು ನ್ಯಾಯ ಹೇಳಿದರೆ ನಾಳೆಯಿಂದ ಸಂಘ ನನ್ನದಾಗುತ್ತೆ. ನಿಮ್ಮ ಸಂಘದ ದುಡ್ಡು, ನಿಮ್ಮ ಪುಸ್ತಕ, ನೀವೇ ನೋಡಿ. ಆದರೆ ಮನುಷ್ಯರನ್ನು ನೋಡೋ ಮುಂಚೆ ಪುಸ್ತಕ ನೋಡಿ" ಅಂದರು. ಮೊದಲ ಪುಟದಿಂದ ಜೋರಾಗಿ ಓದಬೇಕು, ಪ್ರತಿಯೊಬ್ಬರೂ ಅವರವರ ಪಾಸ್‌ಬುಕ್ ಹಿಡಿದು ಕೂರಬೇಕು, ಹೌದೋ ಅಲ್ಲವೋ ಹೇಳಬೇಕು. ಇಷ್ಟು ಹೇಳಿ ಎದ್ದು ಹೋದರು. ನನಗೆ ಉರಿದುಹೋಯಿತು. ಕಷ್ಟಕ್ಕೆ ಆಗದ ಫಾದರ್ ಯಾತಕ್ಕೆ ಅಂತ ದಾರಿಯುದ್ದಕ್ಕೂ ಬಯ್ಯುತ್ತಾ ಬಂದೆ.

ಮೂರು ಸಂಜೆ ಓದಿದೆವು. ಮೂರನೇ ಸಂಜೆ ಒಂದು ಕಡೆ ನಾನು "ಸಾಲ ಮರುಪಾವತಿ ಒಂದು ಸಾವಿರ" ಅಂತ ಓದಿದೆ. ಸಾಬರ ಮನೆಯ ಆಪಾ ತಮ್ಮ ಪಾಸ್‌ಬುಕ್ ಎತ್ತಿಹಿಡಿದು, "ಇಲ್ಲಮ್ಮ, ನಾನು ಕಟ್ಟಿದ್ದು ನೂರು" ಅಂದರು. ನೋಡಿದರೆ ಅವರ ಪಾಸ್‌ಬುಕ್ಕಿನಲ್ಲಿ ನೂರು, ನನ್ನ ಪುಸ್ತಕದಲ್ಲಿ ಸಾವಿರ. ನನ್ನದೇ ಅಕ್ಷರ. ಒಂದು ಸೊನ್ನೆ ಹೆಚ್ಚಿಗೆ ಬರೆದಿದ್ದೆ. ಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಕಡಿಮೆ ಆಗಿರಲಿಲ್ಲ. ಪುಸ್ತಕದಲ್ಲಿ ಒಂಬೈನೂರು ಹೆಚ್ಚಾಗಿತ್ತು.

ಮನೆಗೆ ಹೋಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಫಾದರ್ ಹತ್ತಿರ ಓಡಿದೆ. ಆ ಅಕ್ಕನ ಮನೆಗೆ ನೀವೂ ಬನ್ನಿ, ನೀವಿದ್ದರೆ ಅವರು ಬಯ್ಯೋದಿಲ್ಲ ಅಂತ ಬೇಡಿಕೊಂಡೆ. "ಬಯ್ಯಲಿ ಬಿಡಮ್ಮ. ಬಯ್ಯೋಕೆ ಅವರಿಗೆ ಹಕ್ಕಿದೆ. ನಾನು ಬಂದರೆ ಅವರು ಬಯ್ಯೋಕೆ ಆಗೋದಿಲ್ಲ" ಅಂದರು. ಒಬ್ಬಳೇ ಹೋದೆ. ಅವರು ಬಯ್ಯಲೂ ಇಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಸರಿ, ಹೋಗು" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳು ಅವರು ಸಂಘಕ್ಕೆ ಬರಲಿಲ್ಲ. ಬಂದ ಮೇಲೂ ಪೆಟ್ಟಿಗೆಯನ್ನು ಮಾತ್ರ ಇವತ್ತಿನವರೆಗೂ ಅವರು ಮುಟ್ಟಿಲ್ಲ. ಕೆಲವು ಪೆಟ್ಟು ವಾಸಿಯಾದರೂ ಕಲೆ ಹೋಗೋದಿಲ್ಲ, ಆ ಕಲೆಗೆ ನಾನೇ ಕಾರಣ. ಆಮೇಲೆ ಎಷ್ಟೋ ದಿನ ಆದಮೇಲೆ ಗೊತ್ತಾಯಿತು, ಆ ಮೂರು ತಿಂಗಳೂ ಫಾದರ್ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ, ನೀರು ಕುಡಿದು, ಮಕ್ಕಳ ಓದು ವಿಚಾರಿಸಿ ಬರುತ್ತಿದ್ದರಂತೆ. ದುಡ್ಡಿನ ಮಾತು ಒಂದು ದಿನವೂ ಎತ್ತಲಿಲ್ಲವಂತೆ. ನಮಗೂ ಹೇಳಲಿಲ್ಲ.

ಮೂರನೇ ಸಿಟ್ಟು ಬ್ಯಾಂಕಿನದು. ಬ್ಯಾಂಕಿನ ಸಾರ್ ಬೇಜಾರು ಮಾಡಿಕೋಬೇಡಿ, ಇದು ನಿಮ್ಮ ಬ್ಯಾಂಕಿನ ಮಾತಲ್ಲ, ಹಳೇ ಮಾತು. ನಾಲ್ಕು ವರ್ಷಕ್ಕೆ ನಮ್ಮ ಉಳಿತಾಯ ಮೂವತ್ತೊಂದು ಸಾವಿರ ಚಿಲ್ಲರೆ ಆಗಿತ್ತು. ಸೀಮೆ ಹಸು ತರಬೇಕು, ಹೊಲಿಗೆ ಮಿಷನ್ ತರಬೇಕು ಅಂತ ಸಾಲ ಕೇಳೋಕೆ ಹೋದರೆ ಒಂದು ಬ್ಯಾಂಕಿನವರು, ಜಾಮೀನು ಯಾರು ಅಂತ ಕೇಳಿದರು. ಜಾಮೀನಿಗೆ ನಮ್ಮ ಹತ್ತಿರ ಏನಿದೆ? ಫಾದರ್ ಸಹಿ ಹಾಕಿದರೆ ಆಗುತ್ತೆ ಅಂತ ನಾವೇ ತೀರ್ಮಾನ ಮಾಡಿಕೊಂಡು ಫಾರಂ ತಂದು ಅವರ ಮುಂದೆ ಹಿಡಿದೆವು. ಫಾದರ್ ಸಹಿ ಹಾಕಲಿಲ್ಲ.

ಹೊಸ ಸಂಘಗಳ ತಂಗಿಯರು ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. 1992ರಲ್ಲಿ ನಬಾರ್ಡ್ ಸಂಸ್ಥೆ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು, ಮೊದಲು ದೇಶದಲ್ಲಿ 500 ಸಂಘ ಅಂತ ಗುರಿ ಇಟ್ಟುಕೊಂಡು. ಅದಕ್ಕೂ ಮೊದಲೇ, 1980ರ ದಶಕದಲ್ಲೇ, ನಮ್ಮ ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರ ಸಂಘಗಳಿದ್ದವು. 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಬಂತು. ಈ ಸಂಘ–ಬ್ಯಾಂಕ್ ಜೋಡಣೆಯಲ್ಲಿ ಮೊದಲಿನಿಂದಲೂ ಇರುವ ನಿಯಮ ಏನು ಅಂದರೆ, ಸಂಘಕ್ಕೆ ಕೊಡೋ ಸಾಲಕ್ಕೆ ಅಡವು ಬೇಡ. ಸಂಘದ ಉಳಿತಾಯ, ಸಭೆಯ ಹಾಜರಿ, ಕೊಟ್ಟ ಸಾಲ ವಾಪಸ್ ಬಂದಿರೋ ಲೆಕ್ಕ, ಇವೇ ನಮ್ಮ ಜಾಮೀನು. ಉಳಿತಾಯದಷ್ಟರಿಂದ ಹಿಡಿದು ಅದರ ನಾಲ್ಕು ಪಟ್ಟಿನವರೆಗೂ ಸಾಲ ಕೊಡಬಹುದಿತ್ತು. ಇದು ನಮಗೆ ಗೊತ್ತಿರಲಿಲ್ಲ. ಫಾದರಿಗೆ ಗೊತ್ತಿತ್ತು. ಆದರೆ ಅವರು ಹೇಳಿದ್ದು ಇಷ್ಟು: "ನನ್ನ ಸಹಿ ಹಾಕಿದರೆ ಬ್ಯಾಂಕಿನವರು ನನ್ನನ್ನು ನಂಬಿ ಸಾಲ ಕೊಡ್ತಾರೆ. ನಾಳೆ ನನಗೆ ವರ್ಗ ಆದರೆ? ನಿಯಮದ ಕಾಗದ ಕೊಡ್ತೀನಿ, ಓದಿಕೊಂಡು ಹೋಗಿ. ಪುಸ್ತಕ ತಗೊಂಡು ಹೋಗಿ."

ಓದೋಕೆ ನನಗೆ ಎರಡು ದಿನ ಹಿಡಿಯಿತು. ಅದರ ಕನ್ನಡ ಅಷ್ಟು ಗಟ್ಟಿ! ಆಮೇಲೆ ಐದು ಜನ ಹೋದೆವು. ಮ್ಯಾನೇಜರ್ ಪುಸ್ತಕ ತಿರುಗಿಸುತ್ತಾ ಬಂದವರು ಒಂದು ಪುಟದಲ್ಲಿ ನಿಂತರು. ಸಾವಿರ ಹೊಡೆದು ಕೆಂಪು ಶಾಯಿಯಲ್ಲಿ ನೂರು ಅಂತ ಬರೆದು, ಹದಿನಾಲ್ಕು ಜನ ಸಹಿ, ಹೆಬ್ಬೆಟ್ಟು ಹಾಕಿದ್ದ ಪುಟ. "ಇದೇನಮ್ಮ?" ಅಂದರು. ನನ್ನ ನಾಲಿಗೆ ಒಣಗಿತು. ಆದರೂ ನಡೆದದ್ದೆಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದರು. ಹದಿನೈದು ದಿನಕ್ಕೆ ಅರವತ್ತು ಸಾವಿರ ಸಾಲ ಆಯಿತು. ಆ ಪುಟ ನೋಡಿಯೇ ಕೊಟ್ಟರು ಅಂತ ನಾನು ಹೇಳೋದಿಲ್ಲ, ಅವರ ಮನಸ್ಸಿನಲ್ಲಿ ಏನಿತ್ತೋ. ನಾಲ್ಕು ಹಸು, ಎರಡು ಹೊಲಿಗೆ ಮಿಷನ್, ಒಂದು ತರಕಾರಿ ಗಾಡಿ ಬಂತು. ಒಂದು ಹಸು ಆರು ತಿಂಗಳಿಗೆ ಸತ್ತಿತು. ಆ ಕಂತನ್ನು ಎಲ್ಲರೂ ಸೇರಿ ಕಟ್ಟಿದೆವು.

ಈಗ ಮಂಗಳೂರಿನ ವಿಷಯಕ್ಕೆ ಬರ್ತೀನಿ. ಸಾಲ ತೀರಿದ ವರ್ಷ ನಮ್ಮನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು, ಬೇರೆ ಸಂಘಗಳನ್ನು ನೋಡಿ ಕಲಿಯೋಕೆ ಅಂತ. ನಮಗೆ ಸಮುದ್ರ ನೋಡೋದೇ ಮುಖ್ಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಬೆಂದೂರು ಅಂತ ಒಂದು ಕಡೆ, ಬೆಥನಿ ಸಿಸ್ಟರ್‌ಗಳ ದೊಡ್ಡ ಮಠ ಇದೆ. ಅಲ್ಲಿಗೆ ಕರೆದುಕೊಂಡು ಹೋಗಿ ಸಿಸ್ಟರ್ ಒಬ್ಬರು ಒಂದು ಕತೆ ಹೇಳಿದರು. ಸಮುದ್ರ ಮರೆತುಹೋಗಿದೆ, ಆ ಕತೆ ಮರೆತಿಲ್ಲ.

ಬೆಂದೂರಿನ ಸಂತ ಸೆಬಾಸ್ಟಿಯನ್ ಚರ್ಚಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಅಂತ ಒಬ್ಬ ಫಾದರ್ ಇದ್ದರು. ಅವರು ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, 1875ರಲ್ಲಿ. 1900ರಲ್ಲಿ ಗುರುದೀಕ್ಷೆ ಆಯಿತು. ಅವರ ಕಾಲದಲ್ಲಿ ಹೆಣ್ಣುಮಕ್ಕಳ ಓದು ಹೇಗಿತ್ತು ಅಂದರೆ, 1921ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ನೂರು ಹೆಂಗಸರಲ್ಲಿ ಓದುಬರಹ ಬಲ್ಲವರು ಇಬ್ಬರೂ ಇರಲಿಲ್ಲ. ಪಟ್ಟಣದಲ್ಲಾದರೂ ಅಷ್ಟಿಷ್ಟು ಇತ್ತು, ಹಳ್ಳಿ ಹೆಣ್ಣುಮಕ್ಕಳನ್ನು ಕೇಳೋರೇ ಇಲ್ಲ. ಹಳ್ಳಿಗೆ ಹೋಗಿ ಪಾಠ ಹೇಳೋ ಹೆಂಗಸರು ಬೇಕು, ಬಡವರ ನಡುವೆ ಇರೋಕೆ ಒಪ್ಪೋರು ಬೇಕು. ಅದೇ 1921ರಲ್ಲಿ, ಜುಲೈ 16ರಂದು, ನಾಲ್ಕೇ ನಾಲ್ಕು ಯುವತಿಯರನ್ನು ಜೊತೆಗಿಟ್ಟುಕೊಂಡು ಅವರು ಒಂದು ಸಭೆ ಶುರು ಮಾಡಿದರು. ಅದೇ ಕಿರುಪುಷ್ಪ ತೆರೇಸಮ್ಮನವರ ಹೆಸರಿನ ಬೆಥನಿ ಸಭೆ. ಬೆಥನಿ ಅಂದರೆ ಬೈಬಲಿನಲ್ಲಿ ಬರೋ ಒಂದು ಊರಂತೆ, ಮಾರ್ತಾ ಮರಿಯಾ ಅಂತ ಅಕ್ಕತಂಗಿ ಇದ್ದ ಊರು. ತಂಗಿ ಯೇಸುಸ್ವಾಮಿಯ ಮಾತು ಕೇಳ್ತಾ ಕೂತಿದ್ದಳು, ಅಕ್ಕ ಒಬ್ಬಳೇ ಅಡಿಗೆಮನೆಯಲ್ಲಿ ಒದ್ದಾಡ್ತಾ, ಇವಳಿಗೆ ಎದ್ದು ಬಂದು ಕೈಜೋಡಿಸೋಕೆ ಹೇಳಿ ಅಂತ ದೂರು ಹೇಳಿದಳಂತೆ. ಇದನ್ನು ಕೇಳಿ ನಾವೆಲ್ಲಾ ನಕ್ಕೆವು. ನಮ್ಮಲ್ಲಿ ಎಲ್ಲರೂ ಮಾರ್ತಾನೇ.

ನಾಲ್ಕು ಜನ! ನಾವು ಹದಿನೈದು ಜನ ಇದ್ದೆವು, ಆದರೂ ನಮ್ಮಿಂದ ಏನಾಗುತ್ತೆ ಅಂತಿದ್ದೆವು. ಆ ನಾಲ್ಕು ಜನರಿಂದ ಶುರುವಾದ ಸಭೆಯಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಿಸ್ಟರ್‌ಗಳಿದ್ದಾರೆ. ದೇಶದ ಎಷ್ಟೋ ರಾಜ್ಯಗಳಲ್ಲಿ, ಹೊರದೇಶಗಳಲ್ಲೂ ಇದ್ದಾರೆ. 2021ರಲ್ಲಿ ನೂರು ವರ್ಷ ತುಂಬಿತು.

ಆದರೆ ನನಗೆ ದೊಡ್ಡದು ಅನ್ನಿಸಿದ್ದು ಈ ಲೆಕ್ಕ ಅಲ್ಲ. ಆ ಫಾದರ್ ತೀರಿಕೊಂಡಿದ್ದು 1960ರ ಡಿಸೆಂಬರಿನಲ್ಲಿ. ಅಂದರೆ ಸಭೆ ಶುರುವಾದ ಮೇಲೆ ಮೂವತ್ತೊಂಬತ್ತು ವರ್ಷ ಅವರು ಬದುಕಿದ್ದರು. ಮೂವತ್ತೊಂಬತ್ತು ವರ್ಷ ಆ ಹೆಣ್ಣುಮಕ್ಕಳ ಹಿಂದೆ ಒಬ್ಬರು ಇದ್ದರು. ನಾನು ಪುಸ್ತಕ ಬರೆಯೋಳಲ್ವಾ, ನನಗೆ ತಲೆಯಲ್ಲಿ ಲೆಕ್ಕವೇ ಓಡೋದು. ಶುರು ಮಾಡೋರು ತುಂಬಾ ಜನ ಸಿಗ್ತಾರೆ. ನಮ್ಮ ಊರಿಗೇ ಎಷ್ಟು ಜನ ಬಂದು ಸಂಘ ಮಾಡಿಸಿ, ಫೋಟೋ ತೆಗೆಸಿಕೊಂಡು ಹೋಗಿಲ್ಲ? ಆ ಸಂಘಗಳ ಪೆಟ್ಟಿಗೆಗಳು ಈಗ ಯಾರ ಅಟ್ಟದ ಮೇಲಿವೆಯೋ. ಮಠದ ಒಳಗಿನ ಯಜಮಾನಿಕೆ ಹೆಣ್ಣುಮಕ್ಕಳದ್ದೇ, ಅವರಲ್ಲೇ ಒಬ್ಬರು ದೊಡ್ಡ ಮದರ್ ಆಗ್ತಾರೆ, ಲೆಕ್ಕ ಪತ್ರ ಅವರದ್ದೇ ಅಂತ ಆ ಸಿಸ್ಟರ್ ಹೇಳಿದರು. ಹತ್ತಿರವೇ ಇರಬೇಕು, ಆದರೆ ಕೀಲಿಕೈ ಅವರ ಸೊಂಟದಲ್ಲಿ ಇರಬಾರದು. ಇದು ಎಷ್ಟು ಕಷ್ಟ ಅಂತ ಮಕ್ಕಳನ್ನು ಬೆಳೆಸಿದ ನಮಗೆ ಗೊತ್ತು. ಮಗಳಿಗೆ ಸಾರು ಮಾಡೋಕೆ ಬಿಟ್ಟು ಪಕ್ಕದಲ್ಲಿ ಸುಮ್ಮನೆ ನಿಲ್ಲೋಕೆ ನಮ್ಮಿಂದ ಆಗುತ್ತಾ? ಉಪ್ಪಿಗೆ ಕೈ ಹಾಕೇ ಹಾಕ್ತೀವಿ.

ವಾಪಸ್ ಬರೋವಾಗ ಶಿರಾಡಿ ಘಾಟಿಯಲ್ಲಿ ಬಸ್ಸು ನಿಂತುಬಿಟ್ಟಿತು. ಎಲ್ಲರೂ ನಿದ್ದೆ. ನನಗೆ ನಿದ್ದೆ ಬರಲಿಲ್ಲ. "ಈ ಕೂಡಿಸಿದ್ದು ಸರೀನಾಮ್ಮ" ಅಂತ ಕೇಳಿ ಅರ್ಧ ಗಂಟೆ ಕಾಫಿ ಆರಿಸಿಕೊಂಡು ಕೂತಿದ್ದು ಯಾಕೆ ಅಂತ ಆ ರಾತ್ರಿ ಗೊತ್ತಾಯಿತು ನನಗೆ. ನನ್ನ ಸಿಟ್ಟು ಮೂರೂ ಒಂದೇ ಸಲ ಇಳಿಯಿತು. ಫಾದರ್ ಮುಂದಿನ ಸೀಟಿನಲ್ಲಿ ಗೊರಕೆ ಹೊಡೀತಿದ್ದರು. (ನಗು) ಅದಕ್ಕೇ ಆಗ ಹೇಳಲಿಲ್ಲ, ಈಗ ಹೇಳ್ತಿದ್ದೀನಿ.

ಮರುವರ್ಷ ಅವರಿಗೆ ವರ್ಗ ಆಯಿತು. ನಾವು ಅತ್ತೆವು. ಬಿಷಪ್ ಸ್ವಾಮಿಗಳಿಗೆ ಅರ್ಜಿ ಬರೆಯೋಣ, ಎಲ್ಲರೂ ಸಹಿ ಹಾಕೋಣ ಅಂತ ಕೂಡ ಮಾತಾಯಿತು. ಫಾದರ್ ಬೀಳ್ಕೊಡುಗೆ ದಿನ ರಾಂಚಿಯ ಕಡೆಯ ಹಾಫ್‌ಮನ್ ಅಂತ ಒಬ್ಬ ಜರ್ಮನಿಯ ಫಾದರ್ ಕತೆ ಹೇಳಿದರು. ಅಲ್ಲಿನ ಆದಿವಾಸಿ ಜನ ಸಾಹುಕಾರರ ಸಾಲದಲ್ಲಿ ಹೊಲ ಕಳೆದುಕೊಳ್ಳುತ್ತಿದ್ದರು. ಈ ಫಾದರ್ ಅವರ ಭಾಷೆ ಕಲಿತು, ಅವರ ಜಮೀನಿನ ಕಾನೂನಿಗಾಗಿ ದುಡಿದು, 1909ರಲ್ಲಿ ಅವರಿಗೆ ಒಂದು ಸಹಕಾರಿ ಸಾಲದ ಸಂಘ ಕಟ್ಟಿಕೊಟ್ಟರು. ಆರು ವರ್ಷ ಆಗುವಷ್ಟರಲ್ಲಿ ಮಹಾಯುದ್ಧ ಬಂತು. ಜರ್ಮನಿಯವರು ಅನ್ನೋ ಕಾರಣಕ್ಕೆ 1915ರಲ್ಲಿ ಅವರು ದೇಶ ಬಿಡಬೇಕಾಯಿತು. 1928ರಲ್ಲಿ ಅಲ್ಲೇ ತೀರಿಕೊಂಡರು, ಮತ್ತೆ ಇಲ್ಲಿಗೆ ಬರಲೇ ಇಲ್ಲ. ಸಂಘ ಮಾತ್ರ ನಡೆಯಿತು. "ನಾನು ಜರ್ಮನಿಗೆ ಹೋಗ್ತಿಲ್ಲಮ್ಮ, ಎರಡು ಬಸ್ಸು ಬದಲಾಯಿಸಿದರೆ ಸಿಗ್ತೀನಿ. ಅದಕ್ಯಾಕೆ ಅಳ್ತೀರಿ?" ಅಂದರು.

ಹಾಫ್‌ಮನ್ ಫಾದರಿಗೆ ಬರೋಕೆ ಆಗಲಿಲ್ಲ, ನಮ್ಮ ಫಾದರಿಗೆ ಆಯಿತು. ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಆದರೆ ಬರಲಿಲ್ಲ ಅವರು! ಹೊಸ ಫಾದರ್ ಬಂದಿದ್ದಾರೆ, ಅವರ ಕೆಲಸದಲ್ಲಿ ನಾನು ತಲೆ ಹಾಕಬಾರದು ಅಂತ ಎರಡು ವರ್ಷ ಈ ಕಡೆ ಕಾಲಿಡಲಿಲ್ಲ. ಅದರ ಬದಲು ಪೋಸ್ಟ್‌ಕಾರ್ಡ್ ಬರೋದು. ವರ್ಷಕ್ಕೊಂದು, ವಾರ್ಷಿಕ ಸಭೆ ಆದ ಮೇಲೆ. ಕ್ಷೇಮ ಸಮಾಚಾರ ಒಂದು ಸಾಲು, ಆಮೇಲೆ ಮೂರು ಪ್ರಶ್ನೆ. ಸಭೆಗೆ ಎಷ್ಟು ಜನ ಬರ್ತಿದ್ದಾರೆ? ಸಾಲ ಎಷ್ಟು ವಾಪಸ್ ಬಂತು? ಈ ವರ್ಷ ಯಾವ ಮಗು ಶಾಲೆ ಬಿಟ್ಟಿತು? ಕಾರ್ಡು ಹೋಗಿ ಫೋನ್ ಬಂತು. ಪ್ರಶ್ನೆ ಮಾತ್ರ ಅದೇ ಮೂರು. ಮೊದಮೊದಲು ನಾವು ಮೂರನೇ ಪ್ರಶ್ನೆಗೆ "ಯಾರೂ ಇಲ್ಲ ಫಾದರ್" ಅಂತ ಬರೆದುಬಿಡುತ್ತಿದ್ದೆವು. ಒಂದು ಸಲ ಅವರು, "ಯಾರೂ ಇಲ್ಲ ಅಂತ ಬರೆಯೋ ಮುಂಚೆ ಬೀದಿ ಸುತ್ತಿ ಬಂದಿರಾ?" ಅಂತ ಬರೆದರು. ಸುತ್ತಿದೆವು. ಇಬ್ಬರು ಹುಡುಗಿಯರು ಸಿಕ್ಕರು, ಒಬ್ಬಳು ನಮ್ಮ ಸಂಘದವರ ಮಗಳೇ. ಅವತ್ತಿನಿಂದ ನಾವು ಪ್ರತಿ ಜೂನ್ ತಿಂಗಳಲ್ಲಿ ಬೀದಿ ಸುತ್ತುತ್ತೇವೆ. ಆ ಹುಡುಗಿಯರಲ್ಲಿ ಒಬ್ಬಳು ನರ್ಸ್ ಆಗಿದ್ದಾಳೆ. ಇನ್ನೊಬ್ಬಳಿಗೆ ಹತ್ತನೇ ಕ್ಲಾಸು ಮುಗಿಯೋ ಮುಂಚೆ ಮದುವೆ ಮಾಡಿಬಿಟ್ಟರು, ನಮ್ಮಿಂದ ತಡೆಯೋಕೆ ಆಗಲಿಲ್ಲ. ಅದನ್ನೂ ಫಾದರಿಗೆ ಬರೆದೆವು. ಅವರು ಏನೂ ಸಮಾಧಾನ ಹೇಳಲಿಲ್ಲ. "ಅವಳನ್ನು ಸಂಘಕ್ಕೆ ಸೇರಿಸಿಕೊಳ್ಳಿ" ಅಂತ ಬರೆದರು. ಸೇರಿಸಿಕೊಂಡಿದ್ದೇವೆ. ಅವಳೇ ಈಗ ನಮ್ಮ ಪುಸ್ತಕ ಬರೆಯೋದು. ನನಗೆ ಕಣ್ಣು ಕಾಣೋದಿಲ್ಲ. ಅವಳು ಕೂಡಿಸುವಾಗ ಪಕ್ಕದಲ್ಲಿ ಕೂತಿರ್ತೀನಿ. ಬಾಯಿ ಮುಚ್ಚಿಕೊಂಡು ಕೂರೋದು ಕಲಿಯೋಕೆ ನನಗೆ ಒಂದು ವರ್ಷ ಹಿಡಿಯಿತು.

ಹದಿನೈದು ನಿಮಿಷ ಆಗಿಹೋಯಿತು ಅಂತ ಸಿಸ್ಟರ್ ಗಡಿಯಾರ ತೋರಿಸ್ತಿದ್ದಾರೆ. ಇನ್ನೊಂದೇ ವಿಷಯ.

ಸುವರ್ಣ ಮಹೋತ್ಸವಕ್ಕೆ ಏನು ಕೊಡೋದು ಅಂತ ನಮ್ಮ ಸಂಘದಲ್ಲಿ ಎರಡು ಬುಧವಾರ ಚರ್ಚೆ ಆಯಿತು. ಉಂಗುರ ಅಂದರು ಒಬ್ಬರು. ಫಾದರ್ ಹಾಕೋದಿಲ್ಲ. ಶಾಲು ಅಂದರು. ಇವತ್ತು ಅವರಿಗೆ ಆಗಲೇ ಹನ್ನೊಂದು ಶಾಲು ಬಿದ್ದಿದೆ, ನಾನು ಎಣಿಸಿದೆ. ಆವಾಗ ಆ ಅಕ್ಕ, ಅಪರೂಪಕ್ಕೆ ಮಾತಾಡೋರು, "ಅವರಿಗೆ ಆ ಹಳೇ ಪುಸ್ತಕ ತೋರಿಸಿ" ಅಂದರು. ಯಾವ ಪುಸ್ತಕ ಅಂತ ಎಲ್ಲರಿಗೂ ಗೊತ್ತಾಯಿತು. ಕೆಂಪು ಶಾಯಿಯ ಪುಟ ಇರೋದು. ಇಷ್ಟು ವರ್ಷ ಆ ಪುಸ್ತಕದ ಹೆಸರನ್ನು ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಅವರೇ ಎತ್ತಿದರು. ಇವತ್ತು ಅದಕ್ಕೆ ಹೊಸ ರಟ್ಟು ಹಾಕಿಸಿ ತಂದವರೂ ಅವರೇ.

ಫಾದರ್, ಇದೋ ಪುಸ್ತಕ. ಮತ್ತೆ ನಿಮ್ಮ ಮೂರು ಪ್ರಶ್ನೆಗೆ ಈ ವರ್ಷದ ಉತ್ತರ ಇದರೊಳಗೆ ಒಂದು ಚೀಟಿಯಲ್ಲಿದೆ. ಸಭೆಗೆ ಹದಿನೈದರಲ್ಲಿ ಹದಿಮೂರು ಜನ ತಪ್ಪದೆ ಬರ್ತಿದ್ದಾರೆ, ಒಬ್ಬರಿಗೆ ಮಂಡಿನೋವು, ಒಬ್ಬರು ಮಗಳ ಬಾಣಂತನಕ್ಕೆ ಹೋಗಿದ್ದಾರೆ. ಸಾಲದಲ್ಲಿ ಒಂದು ಕಂತು ಬಾಕಿ, ಅದು ನನ್ನದೇ, ಬುಧವಾರ ಕಟ್ತೀನಿ. ಶಾಲೆ ಬಿಟ್ಟ ಮಗು ಒಂದಿದೆ, ರಸ್ತೆ ಆ ಕಡೆಯ ಬಾಡಿಗೆ ಮನೆಗಳಲ್ಲಿ, ಕೆಲಸಕ್ಕೆ ಬಂದವರ ಮಗಳು, ಎಂಟನೇ ಕ್ಲಾಸು. ಅವರಪ್ಪನ ಹತ್ತಿರ ಒಂದು ಸಲ ಮಾತಾಡಿದ್ದೇವೆ, ಒಪ್ಪಿಲ್ಲ. ನಾಡಿದ್ದು ಮತ್ತೆ ಹೋಗ್ತೀವಿ. ನೀವು ಬರೋದು ಬೇಡ.

ಪುಸ್ತಕ ನಿಧಾನಕ್ಕೆ ನೋಡಿ ಫಾದರ್. ಆದರೆ ಹೋಗೋವಾಗ ಮರೀದೆ ವಾಪಸ್ ಕೊಟ್ಟು ಹೋಗಬೇಕು, ಅದು ಸಂಘದ ದಾಖಲೆ.